ಕೆಂಪು ಶಾಯಿಯ ಸಾಲು

ಬಿ.ಎ. ಮುಗಿದಾಗ ನನಗೆ ಎಂ.ಎಸ್.ಡಬ್ಲ್ಯು. ಓದುವ ಆಸೆಯಿತ್ತು. ‘ಸಮಾಜಸೇವೆಗೂ ಡಿಗ್ರಿ ಬೇಕೇನೇ?’ ಎಂದು ಅಪ್ಪ ನಕ್ಕರು. ಬಿ.ಎಡ್. ಸೇರಿದೆ.

ಆ ಪ್ರಶ್ನೆಗೆ ಮುಂಬಯಿ 1936ರಲ್ಲೇ ಉತ್ತರ ಕೊಟ್ಟಿತ್ತು. ನಾಗಪಾಡಾದ ಬಡವರ ನಡುವೆ ದುಡಿಯುತ್ತಿದ್ದ ಅಮೆರಿಕದ ಪಾದ್ರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರಿಗೆ, ಕರುಣೆಯ ಜೊತೆಗೆ ತರಬೇತಿಯೂ ಬೇಕೆನಿಸಿತ್ತು. ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ಹಣದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಶಾಲೆ ತೆರೆಯಿತು. ಅವರೇ ಮೊದಲ ನಿರ್ದೇಶಕರು. 1944ರಲ್ಲಿ ಅದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ನಮ್ಮ ಮಂಗಳೂರಿನ ರೋಶನಿ ನಿಲಯ ಶುರುವಾದದ್ದು 1960ರಲ್ಲಿ.

ಹೋದ ವರ್ಷ ಎಂ.ಎಸ್.ಡಬ್ಲ್ಯು. ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕ್ಷೇತ್ರಕಾರ್ಯದ ನೋಟ್‌ಬುಕ್ ತೋರಿಸಿದಳು. ವಾರಕ್ಕೆರಡು ದಿನ ಆಸ್ಪತ್ರೆಯಲ್ಲೋ ಕೊಳಚೆ ಪ್ರದೇಶದಲ್ಲೋ ಕೆಲಸ. ಉಳಿದ ದಿನ ತರಗತಿ. ಮನೆಮನೆಯಲ್ಲಿ ಅವರು ಹೇಳಿದ್ದು, ತಾನು ಹೇಳಿದ್ದು, ಆಗ ತನಗನಿಸಿದ್ದು ಎಲ್ಲವನ್ನೂ ಬರೆಯಬೇಕು. ಮೇಲ್ವಿಚಾರಕರು ಓದಿ, ಎದುರಿಗೆ ಕೂಡಿಸಿಕೊಂಡು ಚರ್ಚಿಸುತ್ತಾರೆ. ಒಂದು ಪುಟದಂಚಿನಲ್ಲಿ ಕೆಂಪು ಶಾಯಿಯಲ್ಲಿತ್ತು: ‘ಬುದ್ಧಿವಾದ ಹೇಳಿದ್ದಾಯಿತು. ಕೇಳಿಸಿಕೊಂಡದ್ದು?’

ಶಾಲೆ ಬಿಟ್ಟ ಹುಡುಗಿಯರ ಮನೆಗೆ ಹೋಗಿ ತಾಯಂದಿರಿಗೆ ಬರೀ ಬುದ್ಧಿ ಹೇಳುತ್ತ ಬಂದವಳು ನಾನು. ಆ ಸಾಲು ನನಗೇ ಬರೆದಂತಿತ್ತು. ಆಮೇಲೊಂದು ಮನೆಯಲ್ಲಿ ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಿಗೆ ಆ ತಾಯಿಯೇ ಮಾತಾಡಿದಳು.

ಅಪ್ಪ ಈಗಿಲ್ಲ. ಇದ್ದಿದ್ದರೆ, ‘ಹೌದಪ್ಪ, ಕೇಳಿಸಿಕೊಳ್ಳುವುದನ್ನೂ ಕಲಿಯಬೇಕು’ ಎನ್ನುತ್ತಿದ್ದೆ.