ಡಬ್ಬಾ ಟಿವಿಗೆ ಕಂಪ್ಯೂಟರ್ ಕೂಡಿಸಿದ ಕಥೆ

ಮಂಡಕಳ್ಳಿ ಎಂಬ ಹೆಸರನ್ನು ಕಂಪ್ಯೂಟರಿನಲ್ಲಿ ಸಣ್ಣ ಅಕ್ಷರದಲ್ಲಿ ಟೈಪಿಸಿ ಹಳೆಯ ಡಬ್ಬಾ ಟಿವಿಯಲ್ಲಿ ನೋಡಿ. ಸೊನ್ನೆ ಬರೀ ಚುಕ್ಕೆಯಾಗುತ್ತದೆ. ಡ, ಕ ಅಕ್ಷರಗಳ ತಲೆಕಟ್ಟು ಮಿಣುಕುತ್ತದೆ. ಳಕಾರದ ಒತ್ತು ಕೆಳಗೆ ಕಲೆಯಂತೆ ಮೆತ್ತಿಕೊಳ್ಳುತ್ತದೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಮಗ್ಗುಲಿಗಿರುವ ಈ ಊರಿನ ಮನೆಯೊಂದರಲ್ಲಿ ಇತ್ತೀಚೆಗೆ ನಾನೇ ಹೀಗೆ ಮಾಡಿ ನೋಡಿದೆ. ಪಿನ್ನು ಕೂಡಿತು, ಚಿತ್ರವೂ ಬಂತು, ಊರಿನ ಹೆಸರು ಮಾತ್ರ ಓದಲಾಗಲಿಲ್ಲ. ಟಿವಿ ಕೆಟ್ಟಿರಲಿಲ್ಲ, ಕಂಪ್ಯೂಟರೂ ಸರಿಯಾಗಿಯೇ ಇತ್ತು.

ತೊಡಕಿದ್ದದ್ದು ಟಿವಿ ಚಿತ್ರ ಬರೆಯುವ ರೀತಿಯಲ್ಲಿ. ಭಾರತ ಟಿವಿಗೆ ಒಪ್ಪಿಕೊಂಡ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಲೆಕ್ಕ ಹಾಕಿದರೆ ಸೆಕೆಂಡಿಗೆ 15,625 ಗೆರೆ. ಅವನ್ನು ಪಿಕ್ಚರ್ ಟ್ಯೂಬ್ ಒಟ್ಟಿಗೇ ಬರೆಯುವುದಿಲ್ಲ. ಮೊದಲು ಬೆಸ ಗೆರೆಗಳು, ಆಮೇಲೆ ಅವುಗಳ ನಡುವೆ ಸಮ ಗೆರೆಗಳು. ಮನುಷ್ಯರ ಮುಖ, ಕ್ರಿಕೆಟ್ ಮೈದಾನ ತೋರಿಸಲು ಇದು ಧಾರಾಳವಾಗಿ ಸಾಕು. ಅಕ್ಷರ ಓದಿಸುವುದಕ್ಕೆಂದು ಈ ಏರ್ಪಾಟನ್ನು ಯಾರೂ ಮಾಡಿದ್ದಲ್ಲ.

ಆದರೂ ಮನೆಗೆ ಬಂದ ಮೊದಲ ಕಂಪ್ಯೂಟರುಗಳು ಟಿವಿಯನ್ನೇ ನಂಬಿ ಹುಟ್ಟಿದವು. ಬೇರೆ ಪರದೆ ಕೊಳ್ಳುವ ಶಕ್ತಿ ಎಲ್ಲರಿಗೂ ಎಲ್ಲಿತ್ತು? 1977ರ ಆಪಲ್ 2 ಯಂತ್ರ ಟಿವಿಯ ವೇಗದಲ್ಲೇ ಚಿತ್ರ ಕೊಡುತ್ತಿತ್ತು. ಅಮೆರಿಕದ ರೇಡಿಯೊ ಅಡಚಣೆ ನಿಯಮಗಳ ತೊಡಕಿನಿಂದಾಗಿ ಆ ಚಿತ್ರವನ್ನು ಟಿವಿ ಚಾನೆಲಾಗಿ ಬದಲಿಸುವ ಮಾಡ್ಯುಲೇಟರನ್ನು ಮಾತ್ರ ಬೇರೆ ಕಂಪನಿ ಮಾರಿತು. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಅದನ್ನು ಒಳಗೇ ಇಟ್ಟುಕೊಂಡು ಯುಎಚ್‌ಎಫ್ 36ನೇ ಚಾನೆಲಿನಲ್ಲಿ ಚಿತ್ರ ಹೊರಡಿಸುತ್ತಿತ್ತು. ನಮ್ಮ ದೂರದರ್ಶನ ನೆಚ್ಚಿಕೊಂಡದ್ದು ವಿಎಚ್‌ಎಫ್ ಚಾನೆಲುಗಳನ್ನು. ಅಷ್ಟನ್ನೇ ಹಿಡಿಯಬಲ್ಲ ಟ್ಯೂನರಿನ ಟಿವಿಗೆ ಸ್ಪೆಕ್ಟ್ರಮ್ ಕೂಡಿಸಿ ಎಷ್ಟು ಹೊತ್ತು ತಿರುಗಿಸಿದರೂ ಚಿತ್ರ ಸಿಕ್ಕುವಂತಿರಲಿಲ್ಲ.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷವೇ ದೇಶದಲ್ಲಿ ಬಣ್ಣದ ಪ್ರಸಾರ ಬಂತು. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಡತೊಡಗಿತು. ಟಿವಿಗೆ ಕೂಡಿಸಿದಾಗ ಆ ಪೀಳಿಗೆಯ ಯಂತ್ರಗಳು ಸಾಲಿಗೆ 40 ಇಂಗ್ಲಿಷ್ ಅಕ್ಷರವನ್ನಷ್ಟೇ ನೆಮ್ಮದಿಯಾಗಿ ತೋರಿಸುತ್ತಿದ್ದವು. 80 ಅಕ್ಷರ ಹಾಕಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಇಂಗ್ಲಿಷಿಗೇ ಈ ಗತಿ. ಮೇಲೆ ಗುಡಿಸು, ಕೆಳಗೆ ಒತ್ತು ಹೊರುವ ಕನ್ನಡಕ್ಕೆ ಸಾಲಿನ ಎತ್ತರವೂ ಹೆಚ್ಚು ಬೇಕು.

ಟಿವಿ, ಕಂಪ್ಯೂಟರುಗಳ ದಾರಿ ಬೇರೆಯಾದದ್ದು 1987ರಲ್ಲಿ. ಆ ಜನವರಿಯಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಧಾರಾವಾಹಿ ಶುರುವಾಗಿ, ಟಿವಿ ಇದ್ದ ಮನೆಗಳ ನಡುಮನೆಯಲ್ಲಿ ಭಾನುವಾರ ಬೆಳಿಗ್ಗೆ ಜನ ತುಂಬಿಕೊಂಡರು. ಅದೇ ವರ್ಷದ ಏಪ್ರಿಲಿನಲ್ಲಿ ಐಬಿಎಂ ಕಂಪನಿ ಕಂಪ್ಯೂಟರ್ ಪರದೆಗೆ ವಿಜಿಎ ಎಂಬ ಹೊಸ ಪದ್ಧತಿ ತಂದಿತು. ಅದೇ ಕಂಪನಿಯ 1981ರ ಸಿಜಿಎ ಗ್ರಾಫಿಕ್ಸ್ ಕಾರ್ಡು ಅಮೆರಿಕದ ಟಿವಿಯ ವೇಗದಲ್ಲೇ ಓಡುತ್ತಿತ್ತು. ವಿಜಿಎ ಸೆಕೆಂಡಿಗೆ ಸುಮಾರು 31,500 ಗೆರೆ ಬರೆಯತೊಡಗಿತು, ಅದೂ ಬೆಸ-ಸಮ ಎಂದು ಬಿಡದೆ ಒಂದೇ ಸಮನೆ. ಟಿವಿಯ ಎರಡರಷ್ಟು ವೇಗ. ನಮ್ಮ ಮನೆಗಳಿಗೆ ಟಿವಿ ಕಾಲಿಡುತ್ತಿದ್ದ ಹೊತ್ತಿಗೇ ಕಂಪ್ಯೂಟರು ಅದರ ಸಂಗ ಬಿಟ್ಟಿತ್ತು.

ಆಮೇಲಿನದೆಲ್ಲ ಈ ಎರಡು ವೇಗಗಳನ್ನು ಹೊಂದಿಸುವ ಪ್ರಯತ್ನ. ಸ್ಕ್ಯಾನ್ ಕನ್ವರ್ಟರ್ ಎಂಬ ಪೆಟ್ಟಿಗೆ ಕಂಪ್ಯೂಟರಿನ ಚಿತ್ರವನ್ನು ತನ್ನ ಮೆಮೊರಿಯಲ್ಲಿ ತುಂಬಿಕೊಂಡು, ನಿಧಾನವಾಗಿ ಟಿವಿಯ ವೇಗಕ್ಕೆ ಬಡಿಸುತ್ತದೆ. 1990ರ ದಶಕ ಮುಗಿಯುವ ಹೊತ್ತಿಗೆ ಅದೇ ಕೆಲಸದ ಚಿಪ್ಪು ಗ್ರಾಫಿಕ್ಸ್ ಕಾರ್ಡುಗಳ ಮೇಲೇ ಕೂತಿತು. ಟಿವಿ-ಔಟ್ ಎಂದು ಅದಕ್ಕೆ ಹೆಸರು. ದುಂಡನೆಯ ಎಸ್-ವಿಡಿಯೊ ಪಿನ್ನಿನಲ್ಲಿ ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ ಹೋಗುವುದರಿಂದ ಚಿತ್ರ ತುಸು ತಿಳಿಯಾಗಿರುತ್ತದೆ. ಹಳದಿ ಪಿನ್ನಿನಲ್ಲಿ ಎರಡೂ ಒಂದೇ ತಂತಿಯಲ್ಲಿ ಬೆರೆತು ಹೋಗುತ್ತವೆ. ವಿಸಿಡಿ ಸಿನಿಮಾವನ್ನು ಕಂಪ್ಯೂಟರಿನಲ್ಲಿ ಹಾಕಿ ನಡುಮನೆಯ ಟಿವಿಯಲ್ಲಿ ನೋಡಲು ಹಳದಿ ಪಿನ್ನೇ ಸಾಕಾಗಿತ್ತು. 352×288 ಚುಕ್ಕೆಗಳ ಆ ಚಿತ್ರಕ್ಕೆ ಟಿವಿಯ ಮಸುಕು ಒಂದು ಕೊರತೆಯಲ್ಲ.

ತಲೆಕಟ್ಟಿಗೆ ಮಾತ್ರ ಅದು ಕೊರತೆಯೇ. ತಲೆಕಟ್ಟು ಒಂದು ಅಡ್ಡಗೆರೆ. ಸಣ್ಣ ಅಕ್ಷರದಲ್ಲಿ ಅದರ ದಪ್ಪ ಒಂದೇ ಚುಕ್ಕೆ, ಎಂದರೆ ಟಿವಿಯ ಒಂದೇ ಗೆರೆ. ಆ ಗೆರೆ ಬೆಸ ಸರದಿಯಲ್ಲೋ ಸಮ ಸರದಿಯಲ್ಲೋ ಒಂದರಲ್ಲಿ ಮಾತ್ರ ಬರುವುದರಿಂದ ಸೆಕೆಂಡಿಗೆ 25 ಸಲ ಹೊಳೆದು ಆರುತ್ತದೆ. ಅದೇ ಆ ಮಿಣುಕು. ಇದನ್ನು ತಡೆಯಲು ಟಿವಿ-ಔಟ್ ಚಿಪ್ಪುಗಳಲ್ಲಿ ಅಕ್ಕಪಕ್ಕದ ಗೆರೆಗಳನ್ನು ಬೆರೆಸುವ ಫಿಲ್ಟರ್ ಇಟ್ಟರು. ಮಿಣುಕು ನಿಂತಿತು, ಒತ್ತಕ್ಷರ ಕಲಸಿಹೋಯಿತು. ಲಂಬಗೆರೆಗಳೇ ಹೆಚ್ಚಿರುವ ಇಂಗ್ಲಿಷ್ ಅಕ್ಷರಗಳನ್ನು ಟಿವಿಯ ಮೇಲೆ ಪರೀಕ್ಷಿಸಿ ತೃಪ್ತರಾದವರಿಗೆ ಈ ತೊಂದರೆ ಪೂರ್ತಿಯಾಗಿ ಕಾಣಲು ಸಾಧ್ಯವಿರಲಿಲ್ಲ. ಟಿವಿಯ ಮೇಲೆ ಕನ್ನಡ ಓದಿಸುವುದನ್ನೇ ಒಂದು ಪ್ರತ್ಯೇಕ ಸಮಸ್ಯೆಯೆಂದು ಎತ್ತಿಕೊಂಡು ಬಿಡಿಸಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಜುಸ್ಯಾಟ್ ಉಪಗ್ರಹ 2004ರಲ್ಲಿ ಹಾರಿದ ಮೇಲೆ, ಇದೇ ನಂಜನಗೂಡು ರಸ್ತೆ ಹಿಡಿದು ಮುಂದೆ ಹೋದರೆ ಸಿಗುವ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಬಂದದ್ದು ಟಿವಿಯ ಮೂಲಕವೇ. ಕೊನೆಯ ಬೆಂಚಿನ ಮಗುವಿಗೆ ಒತ್ತಕ್ಷರ ಕಾಣುತ್ತದೋ ಇಲ್ಲವೋ ಎಂಬುದು ಸಣ್ಣ ಮಾತಲ್ಲ.

ಮೈಸೂರಿನ ಮಟ್ಟಿಗೆ ಮುಂದಿನ ದೊಡ್ಡ ತಿರುವು 2013ರ ಮಾರ್ಚ್ 31. ಕೇಬಲ್ ಟಿವಿಯ ಡಿಜಿಟಲೀಕರಣದ ಎರಡನೇ ಹಂತಕ್ಕೆ ಬೆಂಗಳೂರು, ಮೈಸೂರು ಸೇರಿದ್ದವು, ಅದಕ್ಕೆ ಗೊತ್ತುಮಾಡಿದ ಗಡುವು ಅದು. ಸೆಟ್ ಟಾಪ್ ಬಾಕ್ಸ್ ಕೂಡ ಒಂದು ಸಣ್ಣ ಕಂಪ್ಯೂಟರೇ. ಅದು ಹಳದಿ, ಕೆಂಪು, ಬಿಳಿ ಪಿನ್ನುಗಳಿಂದ ಡಬ್ಬಾ ಟಿವಿಗೆ ಕೂಡಿಕೊಂಡಿತು. ಹಿಂದೆ ಆಸಕ್ತರು ಹೆಣಗಾಡಿ ಮಾಡುತ್ತಿದ್ದ ಕೆಲಸ ಮನೆಮನೆಯ ಮಾತಾಯಿತು, ಯಾರೂ ಅದನ್ನು ಕಂಪ್ಯೂಟರ್ ಎಂದು ಕರೆಯದಿದ್ದರೂ.

ಮನೆಯಲ್ಲಿ ಇನ್ನೂ ಅಂಥ ಟಿವಿ ಇದ್ದರೆ ಈಗ ಎರಡು ದಾರಿ ಚೆನ್ನಾಗಿವೆ. ಒಂದು, 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ. ಅಂಗೈಯಗಲದ ಈ ಕಂಪ್ಯೂಟರಿನ ಮೊದಲ ಮಾದರಿಗಳಲ್ಲಿ ಹಳದಿ ಪಿನ್ನಿನ ತೂತೇ ಇತ್ತು. 2014ರ ಮಾದರಿಯಲ್ಲಿ ಅದು ಹೆಡ್‌ಫೋನ್ ತೂತಿನೊಳಗೆ ಸೇರಿತು. ಇಲ್ಲಿ ಪದ್ಧತಿಯನ್ನು ಪಾಲ್ ಎಂದು ಬದಲಿಸುವುದನ್ನು ಮರೆಯಬಾರದು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲೇ ಬಿಟ್ಟರೆ ಪಾಲ್ ಮಾತ್ರ ಬಲ್ಲ ಟಿವಿಯಲ್ಲಿ ಚಿತ್ರ ಕಪ್ಪುಬಿಳುಪಾಗುತ್ತದೆ, ಇಲ್ಲವೇ ಉರುಳುತ್ತದೆ. ಇನ್ನೊಂದು, ಎಚ್‌ಡಿಎಂಐನಿಂದ ಎವಿಗೆ, ಎಂದರೆ ಹಳದಿ, ಕೆಂಪು, ಬಿಳಿ ಪಿನ್ನುಗಳಿಗೆ, ಬದಲಿಸುವ ಪುಟ್ಟ ಪೆಟ್ಟಿಗೆ. ಇದಕ್ಕೆ ಯುಎಸ್‌ಬಿಯಿಂದ 5 ವೋಲ್ಟ್ ವಿದ್ಯುತ್ ಕೊಡಬೇಕು. ಕೂಡಿಸುವ ಮೊದಲು ಕಂಪ್ಯೂಟರಿನ ರೆಸಲ್ಯೂಷನ್ ಇಳಿಸಿ. 1,080 ಗೆರೆಗಳನ್ನು, 625ರಲ್ಲಿ ಟಿವಿ ಪರದೆಯ ಮೇಲೆ ತೋರಿಸಬಲ್ಲ 576 ಗೆರೆಗಳಿಗೆ ಅಮುಕಿದರೆ ಯಾವ ಫಾಂಟೂ ಉಳಿಯುವುದಿಲ್ಲ.

ಒಂದು ತುದಿಯಲ್ಲಿ ವಿಜಿಎ, ಇನ್ನೊಂದು ತುದಿಯಲ್ಲಿ ಹಳದಿ ಪಿನ್ನು, ನಡುವೆ ಬರೀ ತಂತಿ ಇರುವ ಕೇಬಲನ್ನು ಕೊಳ್ಳಬೇಡಿ. ನಾನು ಕೊಂಡು ದುಡ್ಡು ಕಳೆದುಕೊಂಡಿದ್ದೇನೆ. ಟಿವಿ ವೇಗದ ಚಿತ್ರವನ್ನು ಅದೇ ತೂತಿನಿಂದ ಕೊಡಬಲ್ಲ ಅಪರೂಪದ ಕಾರ್ಡು ನಿಮ್ಮಲ್ಲಿಲ್ಲದಿದ್ದರೆ ಅದರಿಂದ ಏನೂ ಬರದು. ತಂತಿ ಗೆರೆಗಳ ವೇಗ ಬದಲಿಸಲಾರದು.

ಮಂಡಕಳ್ಳಿಯ ಆ ಟಿವಿಯ ಮುಂದೆ ಕೊನೆಗೆ ಫಾಂಟನ್ನು ಎರಡರಷ್ಟು ದೊಡ್ಡದು ಮಾಡಿ, ದಪ್ಪ ಅಕ್ಷರ ಆರಿಸಿದೆ. ತಲೆಕಟ್ಟು ಎರಡು ಮೂರು ಗೆರೆಗಳಷ್ಟು ದಪ್ಪವಾಯಿತು, ಮಿಣುಕು ಅಡಗಿತು, ಳಕಾರದ ಒತ್ತು ಸ್ಪಷ್ಟವಾಗಿ ಕಂಡಿತು.

ಎವಿ ತೂತೇ ಇಲ್ಲದ ತೀರ ಹಳೆಯ ಟಿವಿಯಾದರೆ ನಡುವೆ ಒಂದು ಮಾಡ್ಯುಲೇಟರ್ ಇಡಿ. ಓಡುವ ಸ್ಥಿತಿಯ ಹಳೆಯ ವಿಸಿಆರ್ ಇದ್ದರೆ ಅದರೊಳಗೂ ಮಾಡ್ಯುಲೇಟರ್ ಇರುತ್ತದೆ, ಆದರೆ ಅದು ಚಿತ್ರ ಕೊಡುವ ಚಾನೆಲನ್ನು ನಿಮ್ಮ ಟಿವಿ ಹಿಡಿಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಒಳಗೇ ತಂತಿ ಎಳೆಯೋಣವೆಂದು ಹಿಂದಿನ ಮುಚ್ಚಳ ಮಾತ್ರ ಬಿಚ್ಚಬೇಡಿ. ಅಂಥ ಎಷ್ಟೋ ಟಿವಿಗಳ ಒಳಚೌಕಟ್ಟು ನೇರವಾಗಿ ಮನೆಯ ಕರೆಂಟಿಗೇ ಕೂಡಿರುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.