ಅಲಂಕಾರಿಕ ಸಿಗಡಿ ಸಾಕಣೆಯ ಇತಿಹಾಸ

ಅಲಂಕಾರಿಕ ಸಿಗಡಿ ಸಾಕಣೆ: ಬಣ್ಣಕ್ಕಾಗಿ, ನೋಟಕ್ಕಾಗಿ ಸಿಹಿನೀರಿನ ಪುಟ್ಟ ಸಿಗಡಿಗಳನ್ನು ಮನೆಯ ಅಕ್ವೇರಿಯಂನಲ್ಲಿ ಸಾಕುವ ಹವ್ಯಾಸ. ಇವುಗಳಲ್ಲಿ ಹೆಚ್ಚಿನವು ಏಟಿಡೇ ಕುಟುಂಬದ ಕ್ಯಾರಿಡಿನ ಮತ್ತು ನಿಯೋಕ್ಯಾರಿಡಿನ ಕುಲಗಳವು. ಉದ್ದ ಎರಡು ಮೂರು ಸೆಂ.ಮೀ., ಆಯುಸ್ಸು ಒಂದೆರಡು ವರ್ಷ. ಅಲಂಕಾರಕ್ಕೆ ಮೀನು ಸಾಕುವ ಚಾಳಿ ಶತಮಾನಗಳಷ್ಟು ಹಳೆಯದು. ಸಿಗಡಿಯ ಹುಚ್ಚು ಹರಡಿದ್ದು ಕಳೆದ ನಾಲ್ಕು ದಶಕಗಳಲ್ಲಿ. ಅದಕ್ಕೂ ಮೊದಲು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗಡಿ ಇರುತ್ತಿತ್ತು, ಆದರೆ ಬಹುಮಟ್ಟಿಗೆ ದೊಡ್ಡ ಮೀನುಗಳ ಆಹಾರವಾಗಿ.

ಸಿಗಡಿಗೆ ಮೊದಲು ಸಿಕ್ಕ ಮರ್ಯಾದೆ ಕಸಗುಡಿಸುವವನದು. ಜಪಾನಿನ ನೀಗಾಟದ ತಕಾಶಿ ಅಮಾನೊ (1954–2015) ಒಂದು ಕಾಲಕ್ಕೆ ವೃತ್ತಿನಿರತ ಸೈಕಲ್ ಪಂದ್ಯಗಾರ, ಆಮೇಲೆ ಛಾಯಾಗ್ರಾಹಕ. 1982ರಲ್ಲಿ ಆಕ್ವಾ ಡಿಸೈನ್ ಅಮಾನೊ ಸಂಸ್ಥೆ ಕಟ್ಟಿದ ಅವರು ಗಾಜಿನ ತೊಟ್ಟಿಯೊಳಗೆ ಜಲಸಸ್ಯಗಳ ತೋಟ ಎಬ್ಬಿಸುತ್ತಿದ್ದರು. ಪ್ರಖರ ಬೆಳಕು, ಗೊಬ್ಬರ ಸಿಕ್ಕರೆ ಗಿಡದಷ್ಟೇ ಪಾಚಿಯೂ ಹಬ್ಬುತ್ತದೆ. ಅದನ್ನು ತಿಂದು ಗಿಡವನ್ನು ಮುಟ್ಟದ ಪ್ರಾಣಿ ಹುಡುಕಿದ ಅಮಾನೊಗೆ ಒದಗಿದ್ದು ಜಪಾನಿನ ತೊರೆಗಳ ಕ್ಯಾರಿಡಿನ ಮಲ್ಟಿಡೆಂಟೇಟ. 1990ರ ದಶಕದಲ್ಲಿ ಅವರ ಚಿತ್ರಪುಸ್ತಕಗಳು ಹಲವು ದೇಶ ಸುತ್ತಿದಾಗ ಈ ಸಿಗಡಿಯೂ ಜೊತೆಗೆ ಹೋಯಿತು. ಇಂದಿಗೂ ಅದು ‘ಅಮಾನೊ ಶ್ರಿಂಪ್’. ನೋಡಲು ಅಂಥ ಚೆಲುವೇನೂ ಇಲ್ಲ: ಗಾಜಿನಂಥ ಮೈ, ಪಕ್ಕದಲ್ಲಿ ಕಂದು ಚುಕ್ಕೆಗಳ ಸಾಲು. ಮನೆಯಲ್ಲಿ ಮರಿ ಮಾಡಿಸುವುದೂ ಸುಲಭವಲ್ಲ. ಮೊಟ್ಟೆಯೊಡೆದ ಲಾರ್ವಗಳು ಹೊಳೆಯಲ್ಲಿ ಕೊಚ್ಚಿಕೊಂಡು ಸಮುದ್ರ ಸೇರಿ, ಉಪ್ಪುನೀರಿನಲ್ಲಿ ಬೆಳೆದು, ಮತ್ತೆ ಸಿಹಿನೀರಿಗೆ ಹತ್ತುತ್ತವೆ. ಹೀಗಾಗಿ ಮಾರುಕಟ್ಟೆ ಬಹುಕಾಲ ಹೊಳೆಯಿಂದ ಹಿಡಿದು ತಂದವುಗಳನ್ನೇ ನೆಚ್ಚಿತ್ತು.

ಸಿಗಡಿಯನ್ನೇ ನೋಡಲು ತೊಟ್ಟಿ ಇಡುವ ರೂಢಿಗೆ ಕಾರಣವಾದದ್ದು ಇನ್ನೊಂದು ಜಾತಿ. ಹಾಂಗ್‌ಕಾಂಗ್ ಮತ್ತು ದಕ್ಷಿಣ ಚೀನಾದ ಬೆಟ್ಟದ ತೊರೆಗಳಿಂದ ಕಪ್ಪು–ಬಿಳಿ ಪಟ್ಟೆಯ ‘ಬೀ ಶ್ರಿಂಪ್’ ಜಪಾನಿಗೆ ಬಂತು. ಹಿಸಾಯಸು ಸುಜುಕಿ ಎಂಬ ಸಾಕಣೆಗಾರರು 1990ರ ದಶಕದಲ್ಲಿ ತಮ್ಮ ತೊಟ್ಟಿಯ ಕಪ್ಪು ಸಿಗಡಿಗಳ ನಡುವೆ ಕಾಣಿಸಿಕೊಂಡ ಕೆಂಪು ಮರಿಗಳನ್ನು ಬೇರ್ಪಡಿಸಿ, ಅವುಗಳಲ್ಲೇ ಕೂಡಿಸಿ ‘ಕ್ರಿಸ್ಟಲ್ ರೆಡ್’ ತಳಿ ನಿಲ್ಲಿಸಿದರು. ಕೆಂಪು ಗುಣ ಅಪ್ರಭಾವಿ. ಶುದ್ಧ ಕಪ್ಪಿನೊಂದಿಗೆ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಮಾಯವಾಗುತ್ತದೆ. ಬಿಳಿಯ ದಟ್ಟಣೆ ಮತ್ತು ಕೆಂಪಿನ ಆಕಾರ ನೋಡಿ ಸಿ, ಬಿ, ಎ, ಎಸ್, ಎಸ್‌ಎಸ್, ಎಸ್‌ಎಸ್‌ಎಸ್ ಎಂದು ದರ್ಜೆ ಕೊಡುವ ಪದ್ಧತಿ ಬೆಳೆಯಿತು. ಬೆನ್ನಿನ ಬಿಳಿಯ ಮೇಲೆ ಒಂದೇ ದುಂಡು ಕೆಂಪು ಬೊಟ್ಟಿದ್ದರೆ ಜಪಾನಿನ ಬಾವುಟದ ಹೆಸರೇ ಅದಕ್ಕೆ: ‘ಹಿನೋಮಾರು’. ಎರಡು ಸೆಂ.ಮೀ. ಜೀವಿಗೆ ಇಷ್ಟು ಶ್ರೇಣಿ ಅತಿ ಎನಿಸಬಹುದು, ಆದರೆ ಬೆಲೆ ನಿಂತಿದ್ದು ಅದರ ಮೇಲೆಯೇ. ಒಳಸಂಬಂಧದ ಕೂಡಿಕೆ ಹೆಚ್ಚಿದಷ್ಟೂ ತಳಿ ನಾಜೂಕಾಯಿತು: ನೀರು ಮೃದುವಾಗಿ, ತುಸು ಆಮ್ಲೀಯವಾಗಿ, 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಮುಂದೆ ತೈವಾನಿನವರು ಇದೇ ವಂಶದಿಂದ ‘ಪಾಂಡಾ’, ‘ಕಿಂಗ್ ಕಾಂಗ್’ ತಳಿಗಳನ್ನು ತಂದರು.

ಜನಸಾಮಾನ್ಯರ ತೊಟ್ಟಿ ತುಂಬಿದ್ದು ಮಾತ್ರ ಗಟ್ಟಿಜೀವದ ಚೆರ್ರಿ ಶ್ರಿಂಪ್, ಅಂದರೆ ನಿಯೋಕ್ಯಾರಿಡಿನ ಡೇವಿಡಿ. ಕಾಡಿನ ರೂಪ ಕೆಸರುಗಂದು. ಅದರಿಂದ ಮೊದಲು ಕೆಂಪು, ಆಮೇಲೆ ಹಳದಿ, ಕಿತ್ತಳೆ, ನೀಲಿ, ಹಸಿರು ತಳಿಗಳು ಹುಟ್ಟಿದವು. ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಕೆಲವೇ ಪೀಳಿಗೆಗಳಲ್ಲಿ ಮರಿಗಳು ಕೆಸರುಬಣ್ಣಕ್ಕೆ ಮರಳುತ್ತವೆ. ಸಾಕುವವರಿಗೆ ಇದರ ಸಂತಾನಕ್ರಮವೇ ದೊಡ್ಡ ಆಕರ್ಷಣೆ. ಹೆಣ್ಣಿನ ಕತ್ತಿನ ಹಿಂದೆ, ಪಾರದರ್ಶಕ ಚಿಪ್ಪಿನೊಳಗೆ, ಬಲಿಯುತ್ತಿರುವ ಮೊಟ್ಟೆಗಳು ಹಳದಿ ಜೀನಿನಂತೆ ಕಾಣುತ್ತವೆ. ಅವಳು ಪೊರೆ ಬಿಟ್ಟ ದಿನ ನೀರಿಗೆ ಸೇರುವ ವಾಸನೆಗೆ ಗಂಡುಗಳು ತೊಟ್ಟಿಯ ಉದ್ದಗಲ ಹುಚ್ಚೆದ್ದು ಈಜುತ್ತವೆ. ಕೂಡಿದ ಮೇಲೆ ಇಪ್ಪತ್ತು ಮೂವತ್ತು ಮೊಟ್ಟೆಗಳು ಹೊಟ್ಟೆಯಡಿಗೆ ಇಳಿಯುತ್ತವೆ. ತಾಯಿ ಈಜುಗಾಲುಗಳಿಂದ ಅವಕ್ಕೆ ಎಡೆಬಿಡದೆ ಗಾಳಿ ಹಾಕುತ್ತಾಳೆ. ಮೂರು ನಾಲ್ಕು ವಾರಕ್ಕೆ ಹೊರಬರುವುದು ಲಾರ್ವವಲ್ಲ, ತಾಯಿಯದೇ ರೂಪದ ಒಂದೆರಡು ಮಿ.ಮೀ. ಮರಿ. ಸಮುದ್ರದ ಹಂಗಿಲ್ಲದ ಈ ಗುಣವೇ ಚೆರ್ರಿಯನ್ನು ಮನೆಮನೆಗೆ ತಲುಪಿಸಿತು.

ಈ ಹವ್ಯಾಸದಲ್ಲಿ ಅಂಗಡಿ ಮುಂದೆ, ವಿಜ್ಞಾನ ಹಿಂದೆ. ಜಗತ್ತೆಲ್ಲ ಮಾರಾಟವಾಗುತ್ತಿದ್ದ ಬೀ ಶ್ರಿಂಪ್‌ನ ಕಾಡಿನ ಮೂಲವನ್ನು ಕ್ಯಾರಿಡಿನ ಲೋಗೆಮಾನಿ ಎಂದು ವರ್ಣಿಸಿದ್ದು 2014ರಲ್ಲಿ. ಇಂಡೊನೇಷ್ಯದ ಸುಲವೇಸಿ ದ್ವೀಪದ ಕಥೆಯೂ ಹಾಗೆಯೇ. ಅಲ್ಲಿನ ಪ್ರಾಚೀನ ಸರೋವರಗಳಲ್ಲಿ ಬೇರೆಲ್ಲೂ ಇಲ್ಲದ ಸಿಗಡಿಗಳಿವೆ. ಸುಮಾರು 590 ಮೀಟರ್ ಆಳದ ಮತಾನೊ ಸರೋವರದ ‘ಕಾರ್ಡಿನಲ್’ ಸಿಗಡಿ ಕಡುಗೆಂಪು ಮೈಯ ಮೇಲೆ ಬಿಳಿ ಚುಕ್ಕೆ ಹೊತ್ತದ್ದು. ಕಲ್ಲಿನ ಮೇಲಿನ ಲೋಳೆಪದರವನ್ನು ಬಿಳಿಯ ಮುಂಗಾಲುಗಳಿಂದ ಕೆದಕುತ್ತಲೇ ಇರುತ್ತದೆ. 2009ರಲ್ಲಿ ಅದಕ್ಕೆ ಕ್ಯಾರಿಡಿನ ಡೆನರ್ಲಿ ಎಂಬ ಹೆಸರು ಬರುವ ಹೊತ್ತಿಗೆ ಅದು ವ್ಯಾಪಾರಕ್ಕೆ ಬಂದಾಗಿತ್ತು. ಹೆಸರಿನಲ್ಲಿರುವುದು ಅಧ್ಯಯನಕ್ಕೆ ನೆರವಾದ ಜರ್ಮನಿಯ ಅಕ್ವೇರಿಯಂ ಕಂಪನಿ ಡೆನರ್ಲೆ. ಬಳಿಕ ಸರೋವರಕ್ಕೆ ಯಾರೋ ಬಿಟ್ಟ ಫ್ಲವರ್‌ಹಾರ್ನ್ ಮೀನು, ಅದೂ ಅಕ್ವೇರಿಯಂಗೆಂದೇ ಸೃಷ್ಟಿಸಿದ ಮಿಶ್ರತಳಿ, ಅಲ್ಲಿನ ಜೀವಿಗಳನ್ನು ತಿಂದು ಹಬ್ಬಿತು. ಕಾರ್ಡಿನಲ್ ಸಿಗಡಿ ಅತಿ ಗಂಭೀರ ಅಪಾಯದ ಪಟ್ಟಿ ಸೇರಿದೆ. ಇಂದು ಅದು ಕಾಣಸಿಗುವುದು ಹೆಚ್ಚಾಗಿ ಹವ್ಯಾಸಿಗಳ ತೊಟ್ಟಿಗಳಲ್ಲಿ.

ಭಾರತದ ಮೂಲದ ಸಿಗಡಿಯೂ ಈ ಮಾರುಕಟ್ಟೆಯಲ್ಲಿದೆ: 1918ರಲ್ಲಿ ಬೂವಿಯೇ ವರ್ಣಿಸಿದ, ಹಸಿರು ಛಾಯೆಯ ಕ್ಯಾರಿಡಿನ ಬಾಬೌಲ್ಟಿ. ಬೆಂಗಳೂರಿನಂಥ ಊರಲ್ಲಿ ಯಾವ ಸಿಗಡಿ ಉಳಿಯುತ್ತದೆಂಬುದು ನೀರಿನ ಮೇಲಿದೆ. ಬೋರ್‌ವೆಲ್‌ನ ಗಡಸು ನೀರು ಚೆರ್ರಿಗೆ ಒಗ್ಗಬಹುದು, ಬೀ ಶ್ರಿಂಪ್‌ಗೆ ಆರ್‌ಒ ನೀರಿಗೆ ಖನಿಜ ಬೆರೆಸಬೇಕು, ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಬೇಕು. ಮೀನಿಗೆ ಹಾಕುವ ತಾಮ್ರದ ಔಷಧಿ ಸಿಗಡಿಗೆ ವಿಷ. ಒಣಗಿದ ಕಾಡುಬಾದಾಮಿ ಎಲೆ ಅವಕ್ಕೆ ಮೇವೂ ಹೌದು, ಮರೆಯೂ ಹೌದು. ಸಾಕಿ ಸಾಕಾದ ಚೆರ್ರಿಯನ್ನು ಹಳ್ಳಕ್ಕೆ ಸುರಿಯಬಾರದು: ಜರ್ಮನಿಯಲ್ಲಿ ವಿದ್ಯುತ್ ಸ್ಥಾವರದ ಬಿಸಿನೀರು ಸೇರುವ ಗಿಲ್‌ಬಾಖ್ ತೊರೆಯಲ್ಲಿ ಅದು ಆಗಲೇ ನೆಲೆಯೂರಿದೆ, ನಮ್ಮ ಹಳ್ಳಗಳಲ್ಲಿ ಅದಕ್ಕೆ ಬೆಚ್ಚನೆಯ ನೀರು ವರ್ಷವಿಡೀ ಸಿಗುತ್ತದೆ.