ಅಟ್ಟದ ಮೇಲಿನ ಎರಡು ಕೊಳಗ

ಇಂಗ್ಲಿಷ್ ಪಾಠದಲ್ಲಿ ‘ಕ್ಲಿಯರ್-ಐಡ್’ ಎಂಬ ಪದ ಬಂದಾಗ ಹುಡುಗಿಯೊಬ್ಬಳು, “ಅಂದ್ರೆ ಕಣ್ಣಿಗೆ ಪೊರೆ ಬರದವರಾ ಟೀಚರ್?” ಎಂದು ಕೇಳಿದಳು. ಕ್ಲಾಸೆಲ್ಲ ನಕ್ಕಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ತಿಳಿಗಣ್ಣು ಎಂಬುದು ಆ ಪದದ ನೇರ ಅರ್ಥ. ಬಳಕೆಯಲ್ಲಿ ಮಾತ್ರ ಅದು ಇನ್ನೊಂದು ಗುಣಕ್ಕೆ ಸಲ್ಲುವ ಮೆಚ್ಚುಗೆಯ ಮಾತು. ಇರುವುದನ್ನು ಇರುವಂತೆಯೇ ಕಂಡು, ಆಸೆಗೂ ಭಯಕ್ಕೂ ಮರುಳಾಗದೆ ನಡೆಯುವವರನ್ನು ಹಾಗೆನ್ನುತ್ತಾರೆ. ಬರೀ ಹೊಂಗನಸು ಕಾಣುವವರು ‘ಸ್ಟಾರಿ-ಐಡ್’; ಎಲ್ಲದರಲ್ಲೂ ಹುಳುಕನ್ನೇ ಹುಡುಕುವವರು ಸಿನಿಕರು. ಇವರು ಎರಡೂ ಅಲ್ಲ.

ಉದಾಹರಣೆಗೆ ನಾನು ದೂರ ಹೋಗಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನ ಕಥೆ ಹೇಳಿದೆ. ಅಲ್ಲಿನ ಗೇಣಿದಾರರು ಒಡೆಯರಿಗೆ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡುತ್ತಿದ್ದರು. ಆ ಕೊಳಗ ರೂಢಿಯ ಅಳತೆಗಿಂತ ದೊಡ್ಡದಿತ್ತು. ಕೊಳಗದ ಲೆಕ್ಕ ಅಷ್ಟೇ ಇದ್ದರೂ ಮನೆಗೆ ಉಳಿಯುವ ಭತ್ತ ಕಡಿಮೆ. ಇಂಥ ಕೊರತೆ ಮೊದಲು ತಿಳಿಯುವುದು ಅಡುಗೆಮನೆಯಲ್ಲೇ ಅಲ್ಲವೇ?

ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತರು ಸಂಘ ಕಟ್ಟಿ ನ್ಯಾಯದ ಅಳತೆ ಕೇಳಿದರು. 1951ರ ಏಪ್ರಿಲ್‌ನಲ್ಲಿ ನೇಗಿಲು ಹೊತ್ತು ಗದ್ದೆಗಿಳಿದು ಸತ್ಯಾಗ್ರಹ ಹೂಡಿದರು. ತಂಡ ತಂಡವಾಗಿ ಜೈಲಿಗೆ ಹೋದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ತೀರ್ಥಹಳ್ಳಿಯ ಆರಗದ ಶಾಂತವೇರಿ ಗೋಪಾಲಗೌಡರು ಈ ಹೋರಾಟದಲ್ಲಿದ್ದು, 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ಶಾಸಕರಾದರು. ಗೇಣಿದಾರನೇ ಭೂಮಿಯ ಒಡೆಯನಾಗುವ ತಿದ್ದುಪಡಿ ಕಾಯ್ದೆ ಜಾರಿಯಾದದ್ದು 1974ರ ಮಾರ್ಚ್ 1ರಂದು. ಅದನ್ನು ನೋಡಲು ಗೌಡರಿರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

“ಹಾಗಾದ್ರೆ ಅವರು ಕಂಡದ್ದೇನು ಟೀಚರ್?” ಎಂದಳು ಅದೇ ಹುಡುಗಿ. “ಕೊಳಗ ದೊಡ್ಡದಿದೆ ಅನ್ನೋದನ್ನ” ಎಂದೆ. ತಲೆತಲಾಂತರದಿಂದ ಕಣ್ಣೆದುರೇ ಇದ್ದದ್ದನ್ನು ‘ಇದು ನಮ್ಮ ಹಣೆಬರಹವಲ್ಲ, ಅಳತೆಯ ಮೋಸ’ ಎಂದು ಕಾಣುವುದಕ್ಕೆ ಎಷ್ಟು ಧೈರ್ಯ ಬೇಕು!

ಹೇಳುತ್ತ ಹೇಳುತ್ತ ನನ್ನ ಮಾತು ತಡವರಿಸಿತು. ಹೊಸನಗರದ ಕಡೆಯ ನಮ್ಮ ತವರಿನ ಅಟ್ಟದ ಮೇಲೆ ಎರಡು ಕೊಳಗಗಳಿದ್ದವು. ಗೇಣಿ ಅಳೆದುಕೊಳ್ಳಲು ಒಂದು, ಕೂಲಿ ಅಳೆದುಕೊಡಲು ಇನ್ನೊಂದು. ಚಿಕ್ಕಂದಿನಲ್ಲಿ ಒಂದರೊಳಗೆ ಇನ್ನೊಂದನ್ನು ಇಳಿಸುವುದು ನಮಗೊಂದು ಆಟ. ಅದು ಹೇಗೆ ಇಳಿಯುತ್ತದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅಮ್ಮ ಕಂಡಿರಬಹುದು, ಕೇಳಲು ಅವಳಿಲ್ಲ.

ಕಾಗೋಡಿನ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೆ. ಈ ಎರಡು ಕೊಳಗಗಳ ಮಾತನ್ನು ಮಕ್ಕಳ ಮುಂದೆ ಆಡಿದ್ದು ಅಂದೇ ಮೊದಲು.